ಲಕ್ಷ್ಮಿಬಾಯಿಯ ಟಾಕಿಯ ಸೊಳ್ಳೆಗಳು

ನಾನು ಮಾವಿನಟ್ಟಿ ಮುಟ್ಟುವ ಹೊತ್ತಿಗೆ ಮಾಳೇಶನ ಬಲಗೈಯ ಎರಡು ಬೆರಳು ಮುರಿದಾಗಿತ್ತು. ಪಂಚಾಯಿತಿ ಕಟ್ಟೆಯ ಮೇಲೆ ಅವನ ಕೈ ಚಾಚಿಸಿ, ಇಬ್ಬರು ಮೊಣಕೈ ಒತ್ತಿ ಹಿಡಿದು, ಅವನದೇ ಹೊಗೆ ಯಂತ್ರದ ಕೊಳವೆಯಿಂದ ಹೊಡೆದಿದ್ದರು. ಮೂಗಿನಿಂದ ಇಳಿದ ರಕ್ತ ಖಾಕಿ ಅಂಗಿಯ ಮೂರನೆಯ ಗುಂಡಿಯವರೆಗೆ ಹರಿದು ಒಣಗಿತ್ತು. ಬೆಳಗಿನ ಹತ್ತು ಗಂಟೆ, ಊರಿಗೆ ಊರೇ ಅಲ್ಲಿ ನೆರೆದಿತ್ತು.

ಮಾಳೇಶ ಆರೋಗ್ಯ ಇಲಾಖೆಯ ದಿನಗೂಲಿಯವನು. ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಹೆಗಲಿಗೆ ಯಂತ್ರ ಹಾಕಿಕೊಂಡು ಸೊಳ್ಳೆಗೆ ಹೊಗೆ ಬಿಡುವುದು ಅವನ ಕೆಲಸ. ನಾನು ಮುರಗೆಪ್ಪ, ಅದೇ ಇಲಾಖೆಯಲ್ಲಿ ಕೀಟ ಸಂಗ್ರಾಹಕ. ಅವನು ಕೊಲ್ಲುವವನು, ನಾನು ಹಿಡಿದು ಎಣಿಸುವವನು. ಇಪ್ಪತ್ತೆರಡು ವರ್ಷ ಸೊಳ್ಳೆ ಎಣಿಸಿದವನಿಗೆ ಮನುಷ್ಯರ ಮೇಲೆ ಅಂಥ ಪ್ರೀತಿಯೇನೂ ಉಳಿದಿರುವುದಿಲ್ಲ. ಆದರೂ ಆ ಬೆರಳುಗಳನ್ನು ನೋಡಿ ಬೈಕು ಅಲ್ಲೇ ಬಿಟ್ಟು ಗುಂಪಿನೊಳಗೆ ನುಗ್ಗಿದೆ.

ಹಿಂದಿನ ರಾತ್ರಿ ಅದೇ ಊರಿನ ಬೀರದೇವನ ಮಗಳು ಕೋಮಲ ಮಿರಜದ ಒಂದು ಆಸ್ಪತ್ರೆಯಲ್ಲಿ ಡೆಂಗಿಯಿಂದ ತೀರಿಕೊಂಡಿದ್ದಳು. ಅವಳಿಗೆ ಎಂಟು ವರ್ಷ. ಹದಿನೈದು ದಿನದಲ್ಲಿ ಊರಿಗೆ ಅದು ಮೂರನೆಯ ಸಾವು. ಅಷ್ಟರಲ್ಲಿ ಮಾಳೇಶ ಮೂರು ಸಲ ಹೊಗೆ ಬಿಟ್ಟುಹೋಗಿದ್ದ, ಮೂರು ಸಲವೂ ಹೊಗೆ ಕರಗುವ ಮೊದಲೇ ಸೊಳ್ಳೆಗಳು ಗೋಡೆಗೆ ಬಂದು ಕೂತಿದ್ದವು. ಔಷಧವನ್ನು ದ್ರಾಕ್ಷಿ ತೋಟದವರಿಗೆ ಮಾರಿಕೊಂಡು ಬರೀ ಡೀಸೆಲ್ ಹೊಗೆ ಬಿಟ್ಟಿದ್ದಾನೆ ಎಂದು ಊರು ತೀರ್ಮಾನಿಸಿತ್ತು. ಮಗಳನ್ನು ಮಣ್ಣು ಮಾಡಿ ಬಂದ ಬೀರದೇವ ಸ್ನಾನವನ್ನೂ ಮಾಡಿರಲಿಲ್ಲ. ಒಂದು ಕೈಯಲ್ಲಿ ಕೊಡಲಿ ಕಾವು, ಇನ್ನೊಂದು ಕೈಯಲ್ಲಿ ಮಾಳೇಶನ ಔಷಧದ ಡಬ್ಬಿ ಹಿಡಿದಿದ್ದ.

"ಖರೇ ಔಷಧ ಇದ್ರ ಕುಡಿ," ಎಂದ. "ಸತ್ತಿ ಅಂದ್ರ ನಿಂದು ಖರೇ. ಬದುಕಿದಿ ಅಂದ್ರ ನಾವ ಕೊಲ್ತೀವಿ."

ಯಾರೂ ನಗಲಿಲ್ಲ. ಒಬ್ಬ ಮಾಳೇಶನ ಕೂದಲು ಹಿಡಿದು ತಲೆ ಹಿಂದಕ್ಕೆ ಎಳೆದ, ಇನ್ನೊಬ್ಬ ದವಡೆಗೆ ಹೆಬ್ಬೆರಳು ಹಾಕಿ ಬಾಯಿ ತೆರೆಸಿದ. ಡಬ್ಬಿಯ ಮುಚ್ಚಳ ಬಿಚ್ಚಿದ ವಾಸನೆ ನನ್ನವರೆಗೆ ಬಂತು. ನಾನು ಕಟ್ಟೆ ಹತ್ತಿ ಬೀರದೇವನ ಮಣಿಕಟ್ಟು ಹಿಡಿದೆ. ಹಿಂದಿನಿಂದ ಯಾರೋ ನನ್ನ ಕಿವಿಯ ಮೇಲೆ ಬಾರಿಸಿದರು. ನನ್ನ ಒಂದು ಹಲ್ಲು ಸಡಿಲಾದದ್ದು ಆಗಲೇ. ಉಗುಳಿದರೆ ರಕ್ತ ಬಂತು, ಸಿಟ್ಟೂ ಬಂತು.

"ಒಂದು ತಾಸು ಕೊಡ್ರಿ. ಔಷಧ ಖರೇ ಐತೋ ಸುಳ್ಳೋ ನಿಮ್ಮ ಕಣ್ಣ ಮುಂದ ತೋರಸ್ತೀನಿ. ಸುಳ್ಳಾದ್ರ ಅವನ ಜೋಡಿ ನನಗೂ ಕುಡಸ್ರಿ."

ಪಂಚಾಯಿತಿ ಸದಸ್ಯ ರಾವಸಾಹೇಬ ಅಲ್ಲಿಯವರೆಗೂ ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತಿದ್ದ. ಜನ ಅವನ ಮುಖ ನೋಡಿದರು, ಅವನು ತಲೆಯಾಡಿಸಿದ. ಮಾಳೇಶನನ್ನು ಕಟ್ಟೆಯ ಕಂಬಕ್ಕೆ ಪಂಪಿನ ಬೆಲ್ಟಿನಿಂದ ಬಿಗಿದರು. ನಾನು ಓಡಿಹೋದರೆ ಅವನ ಉಳಿದ ಎಂಟು ಬೆರಳೂ ಹೋಗುತ್ತವೆ ಎಂದು ಹೇಳಿ ಕಳಿಸಿದರು.

ಆರು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ನನ್ನವು ಎರಡು ಜಾಳಿಗೆ ಪಂಜರಗಳಿದ್ದವು. ಒಂದರಲ್ಲಿ ಮಾವಿನಟ್ಟಿಯ ಸೊಳ್ಳೆ, ಬೀರದೇವನ ಅಂಗಳದ ನೀಲಿ ಡ್ರಮ್ಮಿನಿಂದಲೇ ಸೊಳ್ಳೆಮರಿಯ ಹುಳ ತಂದು ಬೆಳೆಸಿದವು. ಡ್ರಮ್ಮನ್ನು ವಾರಕ್ಕೊಮ್ಮೆ ಒಳಮೈ ತಿಕ್ಕಿ ಒಣಗಿಸಬೇಕೆಂದು ಆಗಲೇ ಅವನಿಗೆ ಹೇಳಿ ಬಂದಿದ್ದೆ. ಅವನು ಹೂಂ ಅಂದಿದ್ದ, ತಿಕ್ಕಿರಲಿಲ್ಲ. ಮಗಳು ಸತ್ತವನಿಗೆ ಈ ಮಾತನ್ನು ಯಾವ ಬಾಯಿಯಿಂದ ಹೇಳುವುದು?

ಇನ್ನೊಂದು ಪಂಜರದಲ್ಲಿದ್ದವು ಲಕ್ಷ್ಮಿಬಾಯಿಯ ಟಾಕಿಯ ಸೊಳ್ಳೆಗಳು.

ಲಕ್ಷ್ಮಿಬಾಯಿ ಎಪ್ಪತ್ತರ ಆಸುಪಾಸಿನ ಜೈನ ಹೆಂಗಸು. ಊರಿನಿಂದ ಮೂರು ಕಿಲೋಮೀಟರ್ ಆಚೆ, ಕಬ್ಬಿನ ನಡುವೆ, ಮಗ ಪಾರಿಸನ ಜೊತೆ ತೋಟದ ಮನೆಯಲ್ಲಿ ಇರುವವಳು. ಮನೆಯ ಮುಂದೆ ಕಲ್ಲಿನ ಟಾಕಿ, ನೀರು ತುಂಬಿಡುವ ತೊಟ್ಟಿ. ದಿನವೂ ಬೆಳಿಗ್ಗೆ ಎರಡು ಪದರದ ಬಟ್ಟೆಯಲ್ಲಿ ನೀರು ಸೋಸುತ್ತಾಳೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಚೆಲ್ಲುವುದಿಲ್ಲ. ಬಟ್ಟೆ ತಿರುವಿ, ಸೋಸಿದ ನೀರಿನಿಂದಲೇ ಅವನ್ನು ತಂಬಿಗೆಗೆ ತೊಳೆದು, ಮೇಲಿನಿಂದ ಸುರಿದರೆ ಪೆಟ್ಟಾಗುತ್ತದೆಂದು ತಂಬಿಗೆಯನ್ನು ನೀರಿನ ಮಟ್ಟಕ್ಕೆ ಇಳಿಸಿ, ಅದೇ ಟಾಕಿಗೆ ಬಿಡುತ್ತಾಳೆ. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ, ಅತ್ತೆಯ ಅತ್ತೆಯೂ.

ಹುಳ ಸಾಯಿಸುವ ಮದ್ದನ್ನು ಟಾಕಿಗೆ ಹಾಕಲು ನಾನು ಮೊದಲ ಸಲ ಹೋದಾಗ ಅವಳು ಟಾಕಿಗೆ ಬೆನ್ನು ಕೊಟ್ಟು ನಿಂತಳು. ಜಗಳವಾಯಿತು. ನಾನು ಕಾನೂನು ಹೇಳಿದೆ, ನೋಟಿಸು ಕೊಡುತ್ತೇನೆಂದು ಕೂಗಾಡಿದೆ. ಅವಳು ಒಂದೇ ಮಾತು ಆಡಿದಳು: "ಇವು ನಮ್ಮ ನೀರಾಗ ಹುಟ್ಯಾವ್ರಿ. ನಮ್ಮ ಕೈಲೆ ಸಾಯಬಾರದು." ಕಡೆಗೆ ಒಂದಷ್ಟು ಹುಳ ನೋಡಲು ಒಯ್ಯುತ್ತೇನೆಂದು ಕೇಳಿದೆ. ಕೊಲ್ಲುವುದಿಲ್ಲವಲ್ಲ ಎಂದು ಕೇಳಿದಳು. ಇಲ್ಲ ಎಂದೆ. ಅದು ಹಸಿ ಸುಳ್ಳು.

ಆ ಹುಳಗಳು ಸೊಳ್ಳೆಯಾದ ಮೇಲೆ ಔಷಧ ಸವರಿದ ಕಾಗದ ಸುತ್ತಿದ ನಳಿಕೆಯೊಳಗೆ ಇಪ್ಪತ್ತೈದು ಬಿಟ್ಟೆ. ಹತ್ತು ನಿಮಿಷಕ್ಕೆ ಎಲ್ಲವೂ ಅಂಗಾತ. ಮಾವಿನಟ್ಟಿಯ ಸೊಳ್ಳೆಗಳನ್ನು ಬಿಟ್ಟರೆ ತಾಸಿನ ಮೇಲೂ ಇಪ್ಪತ್ತೆರಡು ಹಾರಾಡುತ್ತಿದ್ದವು. ಅವತ್ತು ನನಗೆ ಕುಣಿಯುವಷ್ಟು ಖುಷಿಯಾಯಿತು. ರಾಯಬಾಗದಲ್ಲಿ, ಚಿಕ್ಕೋಡಿಯಲ್ಲಿ, ನಿಪ್ಪಾಣಿಯ ತಂಬಾಕಿನ ಗೋದಾಮುಗಳಲ್ಲಿ, ಎಲ್ಲಿ ಹಿಡಿದರೂ ಸಾಯದ ಸೊಳ್ಳೆಗಳೇ ಸಿಗುತ್ತಿದ್ದ ಕಾಲದಲ್ಲಿ, ಔಷಧಕ್ಕೆ ಸಾಯುವ ಹಳೆಯ ತಳಿಯೊಂದು ಈ ಮುದುಕಿಯ ಟಾಕಿಯಲ್ಲಿ ಉಳಿದುಕೊಂಡಿತ್ತು. ಅಲ್ಲಿ ಹೊಗೆ ಹೋಗಿಲ್ಲ, ಮದ್ದು ಬಿದ್ದಿಲ್ಲ, ಮನೆಯಲ್ಲಿ ಸೊಳ್ಳೆ ಓಡಿಸುವ ಕಾಯಿಲ್ ಕೂಡ ಹಚ್ಚಿಲ್ಲ. ನಾನು ರಿಜಿಸ್ಟರಿನಲ್ಲಿ "ಹುಳ ಇಲ್ಲ" ಎಂದು ಬರೆದೆ. ಜ್ವರದವನೊಬ್ಬ ಆ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದರೆ ಆ ಎರಡು ಪದ ನನ್ನ ಕುತ್ತಿಗೆಗೆ ಬರುತ್ತಿದ್ದವು. ಆದರೂ ಯಾರಿಗೂ ಹೇಳಲಿಲ್ಲ, ಹೇಳುವುದಿಲ್ಲವೆಂದು ಅವಳಿಗೂ ಮಾತು ಕೊಟ್ಟೆ.

ನಾನು ಪಂಜರಗಳನ್ನು ಬೈಕಿಗೆ ಕಟ್ಟಿಕೊಂಡು ತಿರುಗಿ ಬಂದಾಗ ಮಾಳೇಶನ ಒಂದು ಕಣ್ಣು ಮುಚ್ಚಿಹೋಗಿತ್ತು. ಕಾಯುವುದು ಬೇಸರವಾದವರು ಬಂದು ಬಂದು ಹೊಡೆದು ಹೋಗಿದ್ದರು. ಹೆಂಗಸೊಬ್ಬಳು ಚಪ್ಪಲಿಯಿಂದ ಅವನ ಬಾಯಿಗೆ ಬಡಿಯುತ್ತಿದ್ದಳು. ಅವಳ ಮೈದುನ ಹೋದ ವಾರ ಸತ್ತಿದ್ದನಂತೆ.

ಕಟ್ಟೆಯ ಮೇಲೆ ಮೂರು ನಳಿಕೆ ನಿಲ್ಲಿಸಿದೆ. ಮಾಳೇಶನ ಡಬ್ಬಿಯ ಔಷಧವನ್ನು ಬೀರದೇವನ ಕೈಯಿಂದಲೇ ಎರಡು ಕಾಗದಗಳಿಗೆ ಸವರಿಸಿ ಬಿಸಿಲಿಗೆ ಒಣಗಿಸಿದೆ. ಮೂರನೆಯದಕ್ಕೆ ಬರೀ ಕಾಗದ. ಮೊದಲನೆಯ ನಳಿಕೆಗೆ ಊರಿನ ಸೊಳ್ಳೆ, ಎರಡನೆಯದಕ್ಕೆ ಲಕ್ಷ್ಮಿಬಾಯಿಯ ಟಾಕಿಯವು, ಮೂರನೆಯದಕ್ಕೆ ಎರಡೂ ಕಡೆಯವು. ಎಲ್ಲ ಇಪ್ಪತ್ತೈದಿಪ್ಪತ್ತೈದು. ಜನ ಬಗ್ಗಿ ನೋಡಿದರು.

ಮೊದಲನೆಯದರಲ್ಲಿ ಏನೂ ಆಗಲಿಲ್ಲ. ಸೊಳ್ಳೆಗಳು ವಿಷದ ಕಾಗದದ ಮೇಲೆಯೇ ಕೂತು ಹಿಂಗಾಲು ತಿಕ್ಕಿಕೊಂಡವು. ಗುಂಪು ಗರ್ಜಿಸಿತು. ಬೀರದೇವ ತಿರುಗಿ ಕಾವಿನಿಂದ ಮಾಳೇಶನ ಪಕ್ಕೆಗೆ ಹೊಡೆದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನಾನು ಎರಡನೆಯ ನಳಿಕೆಯನ್ನು ಅವನ ಮೂಗಿಗೆ ಹಿಡಿದೆ. ಅದರಲ್ಲಿ ಒಂದು ಸೊಳ್ಳೆ ಗಿರಗಿರ ತಿರುಗಿ ತಳಕ್ಕೆ ಬಿತ್ತು. ಆಮೇಲೆ ಇನ್ನೊಂದು, ಆಮೇಲೆ ನಾಲ್ಕೈದು ಒಟ್ಟಿಗೆ. ಹನ್ನೆರಡು ನಿಮಿಷಕ್ಕೆ ಇಪ್ಪತ್ತೈದೂ ಬಿದ್ದವು. ಮೂರನೆಯ ನಳಿಕೆಯಲ್ಲಿ ಒಂದೂ ಬಿದ್ದಿರಲಿಲ್ಲ.

"ಔಷಧ ಕೆಟ್ಟಿಲ್ಲ," ಎಂದೆ. "ನಿಮ್ಮೂರ ಸೊಳ್ಳಿ ಬದಲಾಗ್ಯಾವ."

ಬೀರದೇವನ ಕೈ ಇಳಿಯಿತು. ಯಾರೋ ಮಾಳೇಶನ ಬೆಲ್ಟು ಬಿಚ್ಚಿದರು, ಅವನು ಕಂಬಕ್ಕೆ ಜಾರಿ ಕೂತ. ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ನಳಿಕೆ ಎತ್ತಿಕೊಂಡು, ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟುಬಿಡಬೇಕಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಇಷ್ಟು ಜನ ನನ್ನ ಮಾತು ಕೇಳುತ್ತಿದ್ದರು. ಮೇಲಿನ ಕಚೇರಿಗೆ ಮೂರು ಸಲ ಬರೆದ ವರದಿಯನ್ನು ಓದುವವರಿರಲಿಲ್ಲ, ಇಲ್ಲಿ ಮುನ್ನೂರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ನನಗೆ ವಿವರಿಸುವ ಹುಚ್ಚು ಹತ್ತಿತು.

ಸೊಳ್ಳೆಯ ನರದಲ್ಲಿ ಚಿಕ್ಕ ಬಾಗಿಲುಗಳಿವೆ ಎಂದು ಹೇಳಿದೆ. ತೆರೆದರೆ ನರ ಮಿಡಿಯುತ್ತದೆ, ಮುಚ್ಚಿದರೆ ಸುಮ್ಮನಾಗುತ್ತದೆ. ಔಷಧ ಹೋಗಿ ಬಾಗಿಲಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ, ಬಾಗಿಲು ಮುಚ್ಚಲು ಬರುವುದಿಲ್ಲ, ಸೊಳ್ಳೆ ಒದ್ದಾಡಿ ಸಾಯುತ್ತದೆ. ಸಾವಿರಾರು ಸೊಳ್ಳೆಗಳಲ್ಲಿ ಒಂದಕ್ಕೆ, ಹುಟ್ಟುವಾಗಲೇ, ಆ ಬಾಗಿಲನ್ನು ಕಟ್ಟುವ ಬರಹದಲ್ಲಿ ಒಂದೇ ಒಂದು ಅಕ್ಷರ ತಪ್ಪಿರುತ್ತದೆ. ಅದರ ಬಾಗಿಲಿಗೆ ಔಷಧ ಹಿಡಿಯುವುದಿಲ್ಲ. ಔಷಧ ಇಲ್ಲದ ಕಾಲದಲ್ಲಿ ಆ ತಪ್ಪಿನಿಂದ ಲಾಭವೇನಿಲ್ಲ. ನಾವು ಹೊಗೆ ಬಿಟ್ಟೆವು, ನೀವು ಮನೆ ಮನೆಯಲ್ಲಿ ಕಾಯಿಲ್ ಹಚ್ಚಿದಿರಿ, ದ್ರಾಕ್ಷಿಗೂ ತಂಬಾಕಿಗೂ ಅದೇ ಜಾತಿಯ ಮದ್ದು ಹೊಡೆದಿರಿ. ಸಾಯುವವೆಲ್ಲ ಸತ್ತವು, ಆ ತಪ್ಪು ಅಕ್ಷರದ್ದೊಂದು ಉಳಿದು ಮೊಟ್ಟೆ ಇಟ್ಟಿತು. ಹದಿನೈದಿಪ್ಪತ್ತು ದಿನಕ್ಕೊಂದು ತಲೆಮಾರು. ಕೊಂದವರೂ ನಾವು, ಆರಿಸಿ ಬೆಳೆಸಿದವರೂ ನಾವೇ.

ರಾವಸಾಹೇಬ ಗಮನವಿಟ್ಟು ಕೇಳಿದ. ಕೇಳಿ, ಎರಡನೆಯ ನಳಿಕೆಯನ್ನು ಬೆರಳಿನಿಂದ ತಟ್ಟಿದ.

"ಈ ಸಾಯೋ ಸೊಳ್ಳಿ ಎಲ್ಲಿವು?"

ಬೆಳಗಾವಿಯಿಂದ ತಂದದ್ದು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬೇರೆ ಕಡೆಯಿಂದ ತಂದ ಸೊಳ್ಳೆ ಅಂದರೆ ನಂಬುವುದಿಲ್ಲ, ಮಾಳೇಶನನ್ನು ಮತ್ತೆ ಕಟ್ಟುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ನನ್ನ ಶೋಧವನ್ನು ನಾನು ತೋರಿಸಿಕೊಳ್ಳಬೇಕಿತ್ತು. ಲಕ್ಷ್ಮಿಬಾಯಿಯ ಹೆಸರು ಹೇಳಿದೆ. ಅವಳು ಬಟ್ಟೆ ತಿರುವಿ ಹುಳಗಳನ್ನು ಮರಳಿ ಬಿಡುವುದನ್ನೂ ಹೇಳಿದೆ.

ಬೀರದೇವ ಬಗ್ಗಿ, ನಳಿಕೆಯ ತಳದಲ್ಲಿ ಬಿದ್ದಿದ್ದ ಸೊಳ್ಳೆಗಳನ್ನು ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಅಂದ: "ಅಂದ್ರ ಆ ಮುದುಕಿ ಸೊಳ್ಳಿ ಸಾಕ್ಯಾಳ."

ಈ ಸೊಳ್ಳೆ ಇನ್ನೂರು ಮುನ್ನೂರು ಗಜಕ್ಕಿಂತ ಆಚೆ ಹಾರುವುದಿಲ್ಲ ಎಂದು ಕೂಗಿದೆ. ಅವಳ ಸೊಳ್ಳೆ ಸಾಯುವ ಸೊಳ್ಳೆ, ನಿಮ್ಮ ಮಕ್ಕಳನ್ನು ಕಚ್ಚಿದ್ದು ಸಾಯದ ಸೊಳ್ಳೆ, ಕಣ್ಣಾರೆ ಕಂಡಿರಲ್ಲ ಎಂದು ಗಂಟಲು ಹರಿಯುವಂತೆ ಒದರಿದೆ. ಯಾರಿಗೆ ಬೇಕಾಗಿತ್ತು? ಮೂರು ಹೆಣ ಹೊತ್ತ ಊರಿಗೆ ಅಕ್ಷರದ ತಪ್ಪಿನ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬರುವುದಿಲ್ಲ, ಒಂದು ಮುಖ ಬೇಕು. ಮಾಳೇಶನ ಮುಖ ತಪ್ಪಿಸಿ ನಾನು ಇನ್ನೊಂದು ಮುಖ ಒದಗಿಸಿದ್ದೆ.

ಎರಡು ಟ್ರ್ಯಾಕ್ಟರ್ ಹೊರಟವು. ಬೀರದೇವ ತನ್ನ ಅಂಗಳದ ನೀಲಿ ಡ್ರಮ್ಮನ್ನೇ ನೀರು ಚೆಲ್ಲಿ ಟ್ರಾಲಿಗೆ ಎಸೆದ. ಮನೆಯಲ್ಲಿದ್ದ ದ್ರಾಕ್ಷಿಯ ಮದ್ದು, ತಂಬಾಕಿನ ಮದ್ದು, ಬಾಟಲಿ ಬಾಟಲಿ ತಂದು ಅದಕ್ಕೆ ಸುರಿದರು. ಕಂಬದ ಬುಡದಲ್ಲಿ ಕೂತಿದ್ದ ಮಾಳೇಶ ಎದ್ದ. ಮುರಿದ ಬೆರಳುಗಳನ್ನು ಎದೆಗೆ ಒತ್ತಿಕೊಂಡು, ಎಡಗೈಯಿಂದ ಹೊಗೆ ಯಂತ್ರ ಎತ್ತಿ ಹೆಗಲಿಗೆ ಹಾಕಿಕೊಂಡ. ನಾನು ಅವನ ತೋಳು ಹಿಡಿದೆ.

"ಬಿಡ್ರಿ ಸರ," ಎಂದ. "ನನ್ನ ಔಷಧ ಖರೇ ಐತಿ ಅಂತ ಎಲ್ಲಾರೂ ನೋಡ್ಲಿ."

ತೋಟದಲ್ಲಿ ಲಕ್ಷ್ಮಿಬಾಯಿ ಒಬ್ಬಳೇ ಇದ್ದಳು, ಪಾರಿಸ ಅಥಣಿಗೆ ಹೋಗಿದ್ದ. ಟ್ರ್ಯಾಕ್ಟರಿನ ಸದ್ದಿಗೆ ಹೊರಗೆ ಬಂದವಳು, ಡ್ರಮ್ಮು ಇಳಿಸುವುದನ್ನು ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ನನ್ನ ಜೊತೆ ಜಗಳಾಡಿದ ದಿನ ನಿಂತಂತೆಯೇ ಟಾಕಿಗೆ ಬೆನ್ನು ಕೊಟ್ಟು ನಿಂತಳು. ಬೀರದೇವ ಅವಳ ಭುಜ ಹಿಡಿದು ನೂಕಿದ. ಬಿದ್ದವಳು ಎದ್ದು ಮತ್ತೆ ಅಲ್ಲೇ ನಿಂತಳು. ಎರಡನೆಯ ಸಲ ನೂಕಿದಾಗ ಮೊಣಕೈ ಕಲ್ಲಿಗೆ ತಾಗಿ ಚರ್ಮ ಕಿತ್ತಿತು. ಮತ್ತೂ ಎದ್ದಳು. ಆಗ ಬೀರದೇವನೇ ಏನು ಮಾಡಬೇಕೆಂದು ತೋಚದೆ ಹಿಂದೆ ಸರಿದ.

ಮಾಳೇಶ ಮುಂದೆ ಬಂದ. "ಸರೀರಿ ಆಯಿ," ಎಂದ. ಅವಳು ಸರಿಯಲಿಲ್ಲ. ಅವನು ಯಂತ್ರದ ಕೊಳವೆಯನ್ನು ಎಡಗೈಯಲ್ಲಿ ಬೀಸಿ ಅವಳ ಮುಖಕ್ಕೆ ಹೊಡೆದ. ತನ್ನ ಬೆರಳು ಮುರಿದ ಅದೇ ಕೊಳವೆ. ಎಡಗಣ್ಣಿನ ಮೇಲೆ ಬಿತ್ತು. ಅವಳು ಕಾಲು ಮಡಚಿ ಟಾಕಿಯ ಬುಡಕ್ಕೆ ಕೂತಳು. ಬಿಳಿ ಸೀರೆಯ ಸೆರಗು ನಾನು ನೋಡನೋಡುತ್ತಿದ್ದಂತೆ ಕೆಂಪಾಯಿತು.

ನಾನು ಮಾಳೇಶನ ಮೇಲೆ ಬಿದ್ದೆ. ಯಾರನ್ನು ಉಳಿಸಲು ಬೆಳಗಿನಿಂದ ಓಡಾಡಿದ್ದೆನೋ ಅವನ ಕುತ್ತಿಗೆಯನ್ನೇ ಎರಡೂ ಕೈಯಿಂದ ಹಿಸುಕಿದೆ, ಮುರಿದ ಪಕ್ಕೆಗೆ ಮೊಣಕಾಲು ಕೊಟ್ಟೆ. ಅವನು ಕಿರುಚಿದಾಗ ನನಗೆ ಹಿತವಾಯಿತು. ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ಜನ ನನ್ನನ್ನು ಎಳೆದು ನೆಲಕ್ಕೆ ಕೆಡವಿ ತುಳಿದರು, ಸಡಿಲಾಗಿದ್ದ ಹಲ್ಲು ಆಗ ಬಿತ್ತು. ಬಿದ್ದಲ್ಲಿಂದಲೇ ನೋಡಿದೆ: ಡ್ರಮ್ಮನ್ನು ಓರೆ ಮಾಡಿ ಟಾಕಿಗೆ ಸುರಿದರು. ಹಾಲಿನ ಬಣ್ಣದ ಮದ್ದು ನೀರಿಗೆ ಹರಡಿತು. ಹುಳಗಳು ಮೇಲೆ ಬಂದು, ಒದ್ದಾಡಿ, ನಿಂತವು. ಮಾಳೇಶ ಒಂದು ಕೈಯಿಂದ ಯಂತ್ರ ಹಚ್ಚಿ ಮನೆಯೊಳಗೆ ಹೊಗೆ ಬಿಟ್ಟ. ಅಲ್ಲಿದ್ದ ಸೊಳ್ಳೆಗಳೆಲ್ಲ ಪಟಪಟ ಬಿದ್ದವು. ಜನ ಕೂಗಿ ಚಪ್ಪಾಳೆ ತಟ್ಟಿದರು.

ಅವರು ಹೋದ ಮೇಲೆ ನಾನು ತೆವಳಿಕೊಂಡು ಲಕ್ಷ್ಮಿಬಾಯಿಯ ಹತ್ತಿರ ಹೋದೆ. ಸೆರಗಿನಿಂದ ಕಣ್ಣು ಒತ್ತಿ ಹಿಡಿದಿದ್ದಳು. ನನ್ನ ಹೆಸರು ಯಾರು ಹೇಳಿದ್ದರೋ, ಸೊಳ್ಳೆ ತೋರಿಸಿದವನು ನಾನೇ ಎಂಬುದು ಅವಳ ಕಿವಿಗೆ ಬಿದ್ದಿತ್ತು. ಯಾಕೆ ಹೇಳಿದಿರಿ ಎಂದು ಕೇಳುತ್ತಾಳೆಂದು ಕಾದೆ.

"ಮುರಗೆಪ್ಪನವರ," ಎಂದಳು, "ನೀವು ಒಯ್ದ ಹುಳಾ ಕೊಂದ್ರಿ ಏನು?"

ನಾನು ತಲೆ ತಗ್ಗಿಸಿದೆ.

ಪೊಲೀಸರು ಬಂದಾಗ ಕಾಲು ಜಾರಿ ಟಾಕಿಯ ಮೇಲೆ ಬಿದ್ದೆ ಎಂದು ಬರೆಸಿದಳು. ಪಾರಿಸ ಎಷ್ಟು ಗೋಗರೆದರೂ ಆ ಮಾತು ಬದಲಿಸಲಿಲ್ಲ. ಎಡಗಣ್ಣು ಹೋಯಿತು. ಬೀರದೇವ ಒಂದು ದಿನ ಅವಳ ಮನೆಗೆ ಹೋಗಿ ಅಂಗಳದಲ್ಲಿ ಸಂಜೆಯವರೆಗೆ ಕೂತು ಎದ್ದು ಬಂದನಂತೆ. ಮಾಳೇಶನ ಬೆರಳುಗಳು ಸೊಟ್ಟಗೆ ಕೂಡಿಕೊಂಡಿವೆ. ಈಗಲೂ ಹೊಗೆ ಬಿಡುತ್ತಾನೆ, ಅದೇ ಔಷಧ. ಎದುರಾದರೆ ಇಬ್ಬರೂ ಬೇರೆ ಕಡೆ ನೋಡುತ್ತೇವೆ. ನನ್ನ ಪಂಜರದಲ್ಲಿ ಟಾಕಿಯ ಸೊಳ್ಳೆ ಹನ್ನೊಂದು ಉಳಿದಿದ್ದವು. ನಾನು ಹಾಸಿಗೆ ಹಿಡಿದ ಹತ್ತು ದಿನದಲ್ಲಿ, ಸಕ್ಕರೆ ನೀರು ಇಡುವವರಿಲ್ಲದೆ, ಅವೂ ಸತ್ತವು.

ಪಾರಿಸ ಟಾಕಿಯನ್ನು ಬರಿದು ಮಾಡಿ ಮೂರು ಸಲ ತೊಳೆದ. ಜನ ಬಿಟ್ಟುಹೋದ ನೀಲಿ ಡ್ರಮ್ಮು ಅಲ್ಲೇ ಮಗುಚಿಕೊಂಡು ಬಿದ್ದಿತ್ತು. ಒಳ್ಳೆಯ ಡ್ರಮ್ಮು ಯಾಕೆ ಹಾಳಾಗಬೇಕೆಂದು ತಳ ತೊಳೆದು, ನೆಟ್ಟಗೆ ನಿಲ್ಲಿಸಿ, ಸೂರಿನ ಮಳೆನೀರಿಗೆ ಇಟ್ಟ. ಈ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿ ಕೂತಿರುತ್ತದೆ, ನೀರು ಮುಟ್ಟಿದ ದಿನ ಒಡೆಯುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಆ ಅಂಗಳಕ್ಕೆ ಕಾಲಿಡುವ ಧೈರ್ಯ ಮಾಡಿದ್ದು ಎರಡು ತಿಂಗಳು ಕಳೆದ ಮೇಲೆ, ಅಕ್ಟೋಬರಿನಲ್ಲಿ.

ಲಕ್ಷ್ಮಿಬಾಯಿ ದೇವಪೂಜೆಗೆ ಕೂತ ಹೊತ್ತಿನಲ್ಲಿ ಕಳ್ಳನಂತೆ ಪಡಸಾಲೆಯಿಂದ ಇಪ್ಪತ್ತೈದು ಸೊಳ್ಳೆ ಹಿಡಿದುಕೊಂಡು ಹೋದೆ. ನಳಿಕೆಯಲ್ಲಿ ಬಿಟ್ಟೆ. ತಾಸಿಗೆ ಎರಡು ಬಿದ್ದವು. ಮರುದಿನ ಅವೆರಡೂ ಎದ್ದು ಗೋಡೆ ಹಿಡಿದು ಕೂತಿದ್ದವು. ಕೋಮಲಳನ್ನು ಕಚ್ಚಿದ ವಂಶ ಅದು, ಅವಳ ಅಪ್ಪನೇ ಹೊತ್ತು ತಂದು ಇಲ್ಲಿ ಇಳಿಸಿದ್ದ.

ಈ ಸಲವಾದರೂ ಸುಳ್ಳು ಬೇಡವೆಂದು ಮರುದಿನ ಬೆಳಿಗ್ಗೆ ಹೋದೆ. ಲಕ್ಷ್ಮಿಬಾಯಿ ಡ್ರಮ್ಮಿನ ನೀರು ಸೋಸುತ್ತಿದ್ದಳು. ಒಂದೇ ಕಣ್ಣಿನ ಅಂದಾಜಿಗೆ ತಂಬಿಗೆ ಒಮ್ಮೆ ಡ್ರಮ್ಮಿನ ಅಂಚಿಗೆ ತಾಗಿತು. ಸೊಳ್ಳೆ ಕದ್ದೊಯ್ದದ್ದನ್ನು ಹೇಳಿದೆ. ಈ ಡ್ರಮ್ಮಿನ ಹುಳ ಬೇರೆ, ಊರಿನವು, ಜ್ವರ ತರುವಂಥವು, ನಿಮ್ಮ ಹಳೆಯ ತಳಿ ಮುಗಿಯಿತು, ಇದನ್ನು ತಿಕ್ಕಿ ಒಣಗಿಸಲೇಬೇಕು ಎಂದು ಎಲ್ಲವನ್ನೂ ಹೇಳಿದೆ. ಅವಳು ಬಟ್ಟೆ ತಿರುವಿ ಹಿಡಿದುಕೊಂಡೇ ಕೇಳಿದಳು. ಬಟ್ಟೆಯ ಮೇಲೆ ಹುಳಗಳು ಮಿಸುಕಾಡುತ್ತಿದ್ದವು.

"ನಿಮ್ಮ ಔಷಧಕ್ಕ ಇವು ಸಾಯ್ತಾವೇನು?" ಎಂದು ಕೇಳಿದಳು.

"ಇಲ್ರಿ ಅವ್ವಾರ. ಇವು ಸಾಯಂಗಿಲ್ಲ."

ಅವಳು ಸೋಸಿದ ನೀರಿನಿಂದ ಹುಳಗಳನ್ನೆಲ್ಲ ನಿಧಾನವಾಗಿ ತಂಬಿಗೆಗೆ ತೊಳೆದಳು. ಡ್ರಮ್ಮಿಗೆ ಬಿಡಲಿಲ್ಲ. ತಂಬಿಗೆಯನ್ನು ನನ್ನ ಕಡೆ ಚಾಚಿದಳು.

"ಸಾಯಂಗಿಲ್ಲಂದ್ರ ಒಯ್ರಿ."